ಎತ್ತಿದ ಅಂಗಡಿ, ಎತ್ತಿಟ್ಟ ಮಾತು

ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ‘ಜರ್ಮನ್ ಆಸ್ಪತ್ರೆ’ಗೆ ಹೋಗಬೇಕು ಎಂದರೆ ಆಟೋದವರು ಮರುಪ್ರಶ್ನೆ ಹಾಕುವುದಿಲ್ಲ. ಅಲ್ಲೀಗ ಜರ್ಮನರು ಯಾರೂ ಇಲ್ಲ. ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಆಸ್ಪತ್ರೆ ನಡೆಸುತ್ತಿದ್ದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನರನ್ನು ಶತ್ರುದೇಶದವರೆಂದು ಹಿಡಿದಿಟ್ಟು, ಆಮೇಲೆ ಅವರ ನಾಡಿಗೆ ಅಟ್ಟಿತು. ಆಸ್ಪತ್ರೆ ದಕ್ಷಿಣ ಭಾರತ ಸಭೆಯದಾಗಿ ದಶಕಗಳೇ ಕಳೆದಿವೆ. ಹೆಸರು ಮಾತ್ರ ಹೋಗಿಲ್ಲ.

ಜರ್ಮನರು ಬಿಟ್ಟುಹೋದದ್ದು ಆಸ್ಪತ್ರೆಯೊಂದನ್ನೇ ಅಲ್ಲ. ಕಣ್ಣಿಗೆ ಬೀಳದ ಇನ್ನೊಂದು ಆಸ್ತಿ ಇದೆ: ಮಾತುಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಒಳನಾಡಿನಲ್ಲಿ ನೆಲೆಗಳನ್ನು ಹೂಡಿತು. ಬಂದವರಲ್ಲಿ ಬಹಳ ಮಂದಿ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ಲೂಥರನ ಜರ್ಮನ್ ಬೈಬಲನ್ನು ಮನೆಯ ಮಾತಿನಂತೆ ಕೇಳುತ್ತ ಬೆಳೆದವರು. ಅವರು ಕಾಲಿಟ್ಟದ್ದು ಸಾಧಾರಣ ಸೀಮೆಗಲ್ಲ. ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ಊರುಗಳಲ್ಲಿ ಒಂದಾದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ಬೆಟಗೇರಿಗೆ ದೂರವಲ್ಲ. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡಿದ್ದಾನೆ. ಕುಮಾರವ್ಯಾಸನ ವೀರನಾರಾಯಣ ಗದಗಿನಲ್ಲಿದ್ದಾನೆ, ತೋಂಟದಾರ್ಯ ಮಠವೂ ಅಲ್ಲೇ ಇದೆ. ದೇವರ ಬಗ್ಗೆ ಮಾತಾಡಲು ಇಲ್ಲಿ ಯಾರೂ ಹೊರಗಿನವರನ್ನು ಕಾಯುತ್ತ ಕೂತಿರಲಿಲ್ಲ.

ಅನುವಾದದ ಕಷ್ಟ ಇರುವುದೂ ಅಲ್ಲಿಯೇ. ಕಠಿಣವಾದ ಧರ್ಮಶಾಸ್ತ್ರದ ಪದಕ್ಕೆ ಸಮಾನಪದ ಸಿಗುವುದಿಲ್ಲ ಎಂದು ಪಂಡಿತರು ಗೋಳಾಡುತ್ತಾರೆ. ನಿಜವಾಗಿ ಪದ ಸಿಕ್ಕೇ ಸಿಗುತ್ತದೆ. ಸಿಕ್ಕ ಪದಕ್ಕೆ ಮೊದಲೇ ಒಂದು ಸಂಸಾರ ಇರುತ್ತದೆ, ತಾಪತ್ರಯ ಅದು.

ಜರ್ಮನ್ ಧರ್ಮಶಾಸ್ತ್ರವನ್ನು ಇಂಗ್ಲಿಷಿಗೆ ತಂದವರು ಈ ತಾಪತ್ರಯವನ್ನು ಚೆನ್ನಾಗಿ ಉಂಡಿದ್ದಾರೆ. ಸ್ವಿಸ್ ಧರ್ಮಶಾಸ್ತ್ರಜ್ಞ ಕಾರ್ಲ್ ಬಾರ್ತ್ 1938ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಸಂಪುಟವೊಂದರಲ್ಲಿ, ದೇವರು ತನ್ನನ್ನು ತಾನು ತೋರಿಸಿಕೊಳ್ಳುವುದೆಂದರೆ ಧರ್ಮದ ‘ಔಫ್‌ಹೇಬುಂಗ್’ ಎಂದು ಬರೆದ. 1956ರ ಇಂಗ್ಲಿಷ್ ಅನುವಾದ ಇದನ್ನು ‘ಅಬಾಲಿಷನ್’ ಎಂದಿತು, ಎಂದರೆ ನಿರ್ಮೂಲನ. ಅದನ್ನು ಓದಿದವರು ಬಾರ್ತ್ ಎಲ್ಲ ಧರ್ಮಗಳನ್ನೂ ಗುಡಿಸಿಹಾಕಲು ಹೊರಟ ಮನುಷ್ಯ ಎಂದು ತಿಳಿದುಕೊಂಡರು. ಐವತ್ತು ವರ್ಷಗಳ ಮೇಲೆ, 2006ರಲ್ಲಿ, ಗ್ಯಾರೆಟ್ ಗ್ರೀನ್ ಅದೇ ಭಾಗವನ್ನು ಹೊಸದಾಗಿ ಅನುವಾದಿಸಿ ‘ಸಬ್ಲಿಮೇಷನ್’ ಎಂಬ ಪದ ಹಾಕಿದರು. ಇದು ಮೊದಲಿನದಕ್ಕಿಂತ ವಾಸಿ. ಆದರೆ ನಮ್ಮ ಹೈಸ್ಕೂಲು ಹುಡುಗರಿಗೆ ಈ ಪದ ಕರ್ಪೂರ ಆವಿಯಾಗುವ ಪಾಠವನ್ನು ನೆನಪಿಸುತ್ತದೆ, ದೊಡ್ಡವರಿಗೆ ಫ್ರಾಯ್ಡ್‌ನನ್ನು.

ಜರ್ಮನ್ನಿನಲ್ಲಿ ಆ ಕ್ರಿಯಾಪದಕ್ಕೆ ಮೂರು ಅರ್ಥ: ಮೇಲೆತ್ತು, ರದ್ದುಮಾಡು, ಕಾಪಾಡಿ ಇಡು. ಒಂದೇ ಪದ ಎದುರುಬದುರಾದ ಅರ್ಥಗಳನ್ನು ಹೊತ್ತಿರುವುದು ಚಿಂತನೆಗೆ ಎಂಥ ಸೊಗಸು ಎಂದು ಹೆಗೆಲ್ ತನ್ನ ಭಾಷೆಯ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಇಂಗ್ಲಿಷಿನವರು ಇನ್ನೂ ಸೊಗಸಿಲ್ಲದ ಪದಗಳಲ್ಲಿ ಹೆಣಗುತ್ತಿದ್ದಾರೆ. ಅವರಲ್ಲಿ ಯಾರಾದರೂ ಒಂದು ಸಂಜೆ ಬೆಟಗೇರಿಯ ಪೇಟೆಯಲ್ಲಿ ನಿಂತಿದ್ದರೆ ಸಾಕಾಗಿತ್ತು. ತಾಯಿ ತೊಟ್ಟಿಲಿನಿಂದ ಕೂಸನ್ನು ಎತ್ತುತ್ತಾಳೆ. ನಷ್ಟವಾದ ವ್ಯಾಪಾರಿ ಅಂಗಡಿ ಎತ್ತುತ್ತಾನೆ. ಅಜ್ಜಿ ಮೊಮ್ಮಗನ ಪಾಲಿನ ಉಂಡಿಯನ್ನು ಎತ್ತಿಡುತ್ತಾಳೆ. ಮೇಲಕ್ಕೆ ತರುವುದು, ಮುಗಿಸುವುದು, ಉಳಿಸುವುದು ಮೂರೂ ‘ಎತ್ತು’ ಎಂಬ ಒಂದೇ ಧಾತುವಿನಲ್ಲಿವೆ. ಹೆಗೆಲ್ ಹಿಗ್ಗಿದ ಸಂಪತ್ತು ಇಲ್ಲಿ ಯಾರ ಗಮನಕ್ಕೂ ಬಾರದೆ ದಿನನಿತ್ಯ ಖರ್ಚಾಗುತ್ತಿದೆ.

ಹಾಗೆಂದು ಕನ್ನಡ ಇಂಗ್ಲಿಷಿಗಿಂತ ಮೇಲು ಎಂದು ಡಂಗುರ ಹೊಡೆಯಬೇಕಾಗಿಲ್ಲ. ಒಂದು ಭಾಷೆಯಲ್ಲಿ ಗಂಟಾದದ್ದು ಇನ್ನೊಂದರಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ, ಮತ್ತೊಂದು ಕಡೆ ಹೊಸ ಗಂಟು ಬೀಳುತ್ತದೆ.

ಲೂಥರನ ಇಡೀ ಬಂಡಾಯ ನಿಂತಿದ್ದು ಯಾವ ಪದದ ಮೇಲೋ ಅದನ್ನೇ ನೋಡಬಹುದು: ‘ರೆಖ್ಟ್‌ಫೆರ್ಟಿಗುಂಗ್’. ಪಾಪಿಯನ್ನು ದೇವರು ತನ್ನ ಕೃಪೆಯಿಂದಲೇ ಸರಿಯಾದವನೆಂದು ಎಣಿಸುವುದು ಎಂದು ಸುಮಾರಾಗಿ ಹೇಳಬಹುದು. ‘ರೆಖ್ಟ್’ ಎಂಬ ಒಂದೇ ಬೇರಿನಿಂದ ಜರ್ಮನ್ನಿನಲ್ಲಿ ಗುಣವಾಚಕ, ನಾಮಪದ, ಕ್ರಿಯೆ ಎಲ್ಲ ಹೊರಡುತ್ತವೆ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ. ಗುಣಕ್ಕೆ ‘ರೈಟಿಯಸ್’ ಎಂಬ ಹಳೆಯ ಸ್ಯಾಕ್ಸನ್ ಪದ, ಕ್ರಿಯೆಗೆ ‘ಜಸ್ಟಿಫೈ’ ಎಂಬ ಲ್ಯಾಟಿನ್ ಪದ. ಅಣ್ಣ ತಮ್ಮ ಬೇರೆ ಬೇರೆ ಅಡ್ಡಹೆಸರು ಹಾಕಿಕೊಂಡಂತೆ ಸಂಬಂಧವೇ ಗೊತ್ತಾಗದು. ಇದರಿಂದ ಬೇಸತ್ತ ಬೈಬಲ್ ವಿದ್ವಾಂಸ ಇ.ಪಿ. ಸ್ಯಾಂಡರ್ಸ್ ಬೈಬಲಿನ ಪೌಲನ ಮೇಲಿನ ತಮ್ಮ ಬರವಣಿಗೆಯಲ್ಲಿ ‘ರೈಟಿಯಸ್’ ಎಂಬುದನ್ನೇ ಕ್ರಿಯಾಪದವಾಗಿ ಎಳೆದಾಡಿದರು. ಇಂಗ್ಲಿಷಿನ ಕಿವಿಗೆ ಅದು ಕರ್ಕಶ. ತರ್ಕಕ್ಕೆ ಮಾತ್ರ ಸರಿ.

ಕನ್ನಡ ಬೈಬಲ್ ಈ ತೊಡಕನ್ನು ಸದ್ದಿಲ್ಲದೆ ದಾಟಿದೆ. ನೀತಿ, ನೀತಿವಂತ, ನೀತಿವಂತನೆಂಬ ನಿರ್ಣಯ: ಬೇರು ಒಂದೇ, ಕೋರ್ಟಿನ ತೀರ್ಪಿನ ವಾಸನೆಯೂ ‘ನಿರ್ಣಯ’ದಲ್ಲಿ ಉಳಿಯಿತು. ವ್ಯಾಕರಣದ ದೃಷ್ಟಿಯಿಂದ ಇಂಗ್ಲಿಷಿಗಿಂತ ಅಚ್ಚುಕಟ್ಟು. ಆದರೆ ಕನ್ನಡದ ಕಿವಿಗೆ ‘ನೀತಿ’ ಎಂದೊಡನೆ ಕೇಳಿಸುವುದು ನೀತಿಕಥೆ, ನೀತಿಪಾಠ, ರಾಜನೀತಿ, ಪಂಚತಂತ್ರ. ಒಳ್ಳೆಯ ನಡತೆಯವನೇ ನೀತಿವಂತ. ಲೂಥರ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ನಡತೆಯ ಲೆಕ್ಕ ಕೊಟ್ಟು ದೇವರನ್ನು ಗೆಲ್ಲಲಾಗದು ಎಂಬುದೇ ಅವನ ಕೂಗು. ಕಟ್ಟಡ ಸರಿಯಾಗಿ ನಿಂತಿತು, ಬಾಗಿಲು ಮಾತ್ರ ಬೇರೆ ದಿಕ್ಕಿಗೆ ತೆರೆಯಿತು. ಕನ್ನಡ ಸಭೆಗಳಲ್ಲಿ ಉಪದೇಶ ಮಾಡುವವರು ಈ ಪದವನ್ನು ಪ್ರತಿ ಸಲ ಬಿಡಿಸಿ ಹೇಳಬೇಕಾಗುವುದು ಅದಕ್ಕೇ.

ಇಲ್ಲಿ ಒಂದು ಸ್ಪಷ್ಟನೆ ಬೇಕು. ಬೈಬಲನ್ನು ಕನ್ನಡಕ್ಕೆ ಮೊದಲು ಪೂರ್ತಿ ತಂದವರು ಜರ್ಮನರಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು, 1830ರ ದಶಕದ ಆರಂಭದ ಹೊತ್ತಿಗೆ. ಅದನ್ನು ತಿದ್ದುವ ಕೆಲಸಕ್ಕೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ತನ್ನನ್ನು ಒಪ್ಪಿಸಿಕೊಂಡು, 1855ರಲ್ಲಿ ಇನ್ನೂ ನಲವತ್ತು ತುಂಬದೆಯೇ ತೀರಿಕೊಂಡ. ಮೂಲ ಗ್ರೀಕ್ ಮತ್ತು ಹೀಬ್ರೂ, ಕೈಯಾಸರೆ ಇಂಗ್ಲಿಷ್, ತಿದ್ದುವವನ ಎದೆಯಲ್ಲಿ ಜರ್ಮನ್, ಎದುರಿಗೆ ಕನ್ನಡ ಮುನ್ಷಿ. ಇಷ್ಟು ಕೈ ದಾಟಿ ಬಂದ ಪದಕ್ಕೆ ಒಬ್ಬನೇ ಅಪ್ಪನನ್ನು ಹುಡುಕುವುದು ವ್ಯರ್ಥ.

ಬೆಟಗೇರಿಯ ಮಣ್ಣಿನಲ್ಲಿ ಇನ್ನೂ ಗಡಸಾಗಿ ಪರಿಣಮಿಸಿದ ಪದ ‘ವೀಡರ್‌ಗೆಬೂರ್ಟ್’. ಭಕ್ತಿಪಂಥದ ಜರ್ಮನರಿಗೆ ಇದು ಪ್ರಾಣಪದ: ಒಳಗಿನಿಂದ ಮತ್ತೆ ಹುಟ್ಟುವುದು. ಅಕ್ಷರಕ್ಕೆ ಅಕ್ಷರ ಇಟ್ಟರೆ ಕನ್ನಡದಲ್ಲಿ ಬರುವುದು ‘ಪುನರ್ಜನ್ಮ’. ಯಾವುದರಿಂದ ತಪ್ಪಿಸಿಕೊಂಡರೆ ಸಾಕಪ್ಪಾ ಎಂದು ಈ ನಾಡಿನ ಸಾಧುಸಂತರು ಹಂಬಲಿಸಿದರೋ ಅದನ್ನೇ ಸುವಾರ್ತೆಯೆಂದು ಸಾರಿದರೆ ಕೇಳುವವರ ಮುಖ ಹೇಗಾದೀತು? ಯೋಹಾನನ ಸುವಾರ್ತೆಯಲ್ಲಿ ನಿಕೊದೇಮನೊಂದಿಗಿನ ಮಾತುಕತೆಗೆ ಕನ್ನಡ ಬೈಬಲ್ ‘ಹೊಸದಾಗಿ ಹುಟ್ಟು’ ಎಂಬ ಸರಳ ಮಾತನ್ನು ಆರಿಸಿಕೊಂಡಿತು. ಜಾಣ ಆಯ್ಕೆ. ಆದರೆ ಪಕ್ಕದ ಓಣಿಯಲ್ಲೇ ಇನ್ನೊಂದು ಪದ ಸಿದ್ಧವಾಗಿ ಕೂತಿತ್ತು. ದೀಕ್ಷೆ ಪಡೆದವನು ಪೂರ್ವಾಶ್ರಯ ಕಳೆದುಕೊಂಡು ‘ಪುನರ್ಜಾತ’ನಾದ ಎಂದು ವೀರಶೈವರು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಸತ್ತು ಮತ್ತೆ ಹುಟ್ಟುವುದಲ್ಲ, ಇದೇ ಮೈಯಲ್ಲಿ, ಇದೇ ಬದುಕಿನಲ್ಲಿ ಎರಡನೆಯ ಹುಟ್ಟು. ಜರ್ಮನ್ ಪದಕ್ಕೆ ಇದಕ್ಕಿಂತ ಹತ್ತಿರದ ಬಂಧು ಇಂಗ್ಲಿಷಿನಲ್ಲಿಯೂ ಇಲ್ಲ.

‘ಪುನರ್ಜಾತ’ ಎಂಬ ಆ ಪದ ಕನ್ನಡ ಬೈಬಲಿನಲ್ಲಿ ನೆಲೆಗೊಳ್ಳದೆ ಹೋದದ್ದೇಕೆ? ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1848ರಿಂದ ಹೊರತಂದ ಕನ್ನಡ ಗ್ರಂಥಮಾಲೆಯಲ್ಲಿ ಬಸವಪುರಾಣ ಇತ್ತು. ಅದೇ ಮಿಷನ್ನಿನ ವ್ಯುರ್ತ್ 1860ರ ದಶಕದಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ಅನುವಾದಿಸಿದ್ದ. ಜರ್ಮನನೊಬ್ಬ ಕನ್ನಡದ ಶೈವ ಪರಿಭಾಷೆಯನ್ನು ತನ್ನದಲ್ಲದ ಇಂಗ್ಲಿಷಿನಲ್ಲಿ ಹೇಳಲು ತಿಣುಕಿದ ಈ ಕೆಲಸ ನಮ್ಮ ಅನುವಾದದ ಇತಿಹಾಸದಲ್ಲಿ ಇನ್ನೂ ಹೆಚ್ಚು ಓದಿಗೆ ಅರ್ಹವಾದುದು. ಇಷ್ಟು ತಿಳಿದವರಿಗೆ ಪುನರ್ಜಾತ ಕಾಣದಿರಲು ಸಾಧ್ಯವಿಲ್ಲ. ಮನೆಯವರ ಪದ ತೆಗೆದುಕೊಂಡರೆ ಮನೆಯವರ ದೇವರೂ ಜೊತೆಗೆ ಬಂದಾನು ಎಂಬ ಹಿಂಜರಿಕೆ ಕೈ ತಡೆದಿದ್ದರೆ ಆಶ್ಚರ್ಯವಿಲ್ಲ.

ಹಿಂಜರಿಕೆಗೆ ಆಧಾರವೂ ಇದೆ. ಬಾರ್ತ್‌ನದೇ ಇನ್ನೊಂದು ಪದ ‘ದಾಸ್ ನಿಖ್ಟಿಗೆ’. ದೇವರು ಬೇಡವೆಂದು ತಳ್ಳಿದ, ಸೃಷ್ಟಿಯನ್ನು ತಿನ್ನಲು ಬರುವ ಕೇಡುರೂಪದ ಇಲ್ಲದಿರುವಿಕೆಗೆ ಅವನಿಟ್ಟ ಹೆಸರು. 1960ರ ಇಂಗ್ಲಿಷ್ ಅನುವಾದಕರು ‘ನಥಿಂಗ್‌ನೆಸ್’ ಎಂದು ಹಾಕಿ, ಇದು ಸಾಲದು ಎಂದು ಟಿಪ್ಪಣಿಯನ್ನೂ ಬರೆದರು. ಅದನ್ನು ಗದಗಿನಲ್ಲಿ ಕೂತು ‘ಶೂನ್ಯ’ ಎಂದು ಅನುವಾದಿಸಿದರೆ ಏನಾದೀತು? ಅಲ್ಲಮನ ಶೂನ್ಯಸಿಂಹಾಸನ, ಶೂನ್ಯಸಂಪಾದನೆಗಳ ನಾಡಿದು. ಇಲ್ಲಿ ಶೂನ್ಯವೆಂದರೆ ಪರಮಪದವಿ. ಒಂದೇ ಪದದಿಂದ ಸೈತಾನನ ಕೋಣೆ ಕೈಲಾಸವಾಗಿಬಿಡುತ್ತದೆ.

ಆದ್ದರಿಂದ ಪಕ್ಕದ ಮನೆಯ ಪದವನ್ನು ಕಣ್ಣುಮುಚ್ಚಿ ತರಬೇಕೆಂದಲ್ಲ. ಆದರೆ ಭಯಪಟ್ಟು ತಾರದೇ ಇರುವುದು ಅದಕ್ಕಿಂತ ದೊಡ್ಡ ತಪ್ಪು. ಅದೇ ಕನ್ನಡ ಬೈಬಲ್ ಜರ್ಮನರು ‘ಟೌಫೆ’ ಎನ್ನುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ ಎಂದು ಧೈರ್ಯ ಮಾಡಿತಲ್ಲ! ಲಿಂಗದೀಕ್ಷೆಯ ಸೀಮೆಯಲ್ಲಿ ‘ದೀಕ್ಷೆ’ ಎಂಬ ಮಾತನ್ನೇ ತಂದು ಅದಕ್ಕೆ ನೀರು ಸೇರಿಸಿತು. ಯಾವ ಮತವೂ ಕೊಚ್ಚಿಹೋಗಲಿಲ್ಲ. ಕೇಳಿದವರಿಗೆ ಇದು ಒಂದು ದಾರಿಗೆ ಸೇರುವ ಗಂಭೀರ ಘಳಿಗೆ ಎಂದು ತಟ್ಟನೆ ಹೊಳೆಯಿತು. ಇಂಗ್ಲಿಷ್ ಬೈಬಲಾದರೋ ಗ್ರೀಕ್ ಪದವನ್ನೇ ‘ಬ್ಯಾಪ್ಟಿಸಂ’ ಎಂದು ಇದ್ದಂತೆ ಇಟ್ಟುಕೊಂಡು ಜಾರಿಕೊಂಡಿತ್ತು. ಬಂಗಾಳದಲ್ಲಿ ವಿಲಿಯಂ ಕೇರಿಯ ಬ್ಯಾಪ್ಟಿಸ್ಟರು ಅದನ್ನು ‘ಮುಳುಗಿಸು’ ಎಂದು ಅನುವಾದಿಸಿದ್ದಕ್ಕೆ ಬೈಬಲ್ ಸಂಘ ಹಣ ಕೊಡಲು ಒಪ್ಪದೆ, 1840ರಲ್ಲಿ ಅವರು ಬೇರೆಯೇ ಸಂಘ ಕಟ್ಟಿಕೊಳ್ಳಬೇಕಾಯಿತು. ಒಂದು ಕ್ರಿಯಾಪದಕ್ಕೆ ಮನೆ ಒಡೆದ ಕಥೆ.

ಅನುವಾದಿಸದೆ ಮೂಲಪದವನ್ನೇ ಇಡುವುದು ಗೌರವ ಎಂಬ ಮಾತು ಈಗ ವಿಶ್ವವಿದ್ಯಾಲಯಗಳಲ್ಲಿ ಚಾಲ್ತಿಯಲ್ಲಿದೆ. ಲೂಥರನ ‘ಆನ್‌ಫೆಖ್ಟುಂಗ್’ ಇದಕ್ಕೆ ಮಾದರಿ. ಇದಕ್ಕೆ ಇಂಗ್ಲಿಷಿನಲ್ಲಿ ಸಮಾನಪದ ಇಲ್ಲವೆಂದು ರೋಲಂಡ್ ಬೈಂಟನ್ 1950ರ ತನ್ನ ಪ್ರಸಿದ್ಧ ಲೂಥರ್ ಚರಿತ್ರೆಯಲ್ಲಿ ಕೈಚೆಲ್ಲಿದ. ಆಮೇಲೆ ಬಂದ ಎಷ್ಟೋ ಮಂದಿ ಜರ್ಮನ್ ಪದವನ್ನೇ ಓರೆ ಅಕ್ಷರದಲ್ಲಿ ಅಚ್ಚುಹಾಕುತ್ತ ಬಂದರು. ಅಡಿಟಿಪ್ಪಣಿಯಲ್ಲಿ ಇದು ಒಪ್ಪುತ್ತದೆ. ಬೋಧನೆಯಲ್ಲಿ, ಹಾಡಿನಲ್ಲಿ, ಸಾವಿನ ಮನೆಯಲ್ಲಿ ಓರೆ ಅಕ್ಷರ ಯಾರಿಗೂ ಕೇಳಿಸುವುದಿಲ್ಲ. ಆ ಪದದೊಳಗೆ ಕಾದಾಟವಿದೆ. ಮನುಷ್ಯನ ಮೇಲೆ ಏರಿಬರುವ ಅಳಲು, ಶಂಕೆ, ದಿಗಿಲು ಇವೆ. ಏರಿಬರುವವನು ಸೈತಾನನೇ ಆಗಬೇಕಿಲ್ಲ, ಕೆಲವೊಮ್ಮೆ ದೇವರೇ ಎಂಬುದು ಲೂಥರನ ಅನುಭವ. ಕನ್ನಡ ಬೈಬಲಿನ ‘ಶೋಧನೆ’ ಇದಕ್ಕೆ ತುಸು ತಣ್ಣಗಿನ ಪದ; ಜರಡಿಯ ಸದ್ದು ಇದೆ, ಏಟಿಲ್ಲ. ಆದರೆ ಗದಗ ಸೀಮೆಯ ಮುದುಕಿಯೊಬ್ಬಳು ‘ದೇವರು ಕಾಡಾಕ ಹತ್ಯಾನ’ ಎಂದರೆ ಲೂಥರ್ ಎದ್ದು ನಿಂತು ಹೌದೆನ್ನುತ್ತಿದ್ದ. ಸಿರಿಯಾಳನ ಮನೆಗೆ ಜಂಗಮನಾಗಿ ಬಂದು ಮಗನನ್ನೇ ಕೇಳಿದ ಶಿವ ಮಾಡಿದ್ದು ಇದೇ ಕಾಟ. ಕೊಲ್ಲಲು ಬಂದಂತೆ ಬಂದು ಕಾಯುವ ದೇವರನ್ನು ಹೇಳಲು ಕನ್ನಡಕ್ಕೆ ಜರ್ಮನ್ ಸಾಲ ಬೇಡ.

1530ರಲ್ಲಿ ತನ್ನ ಅನುವಾದವನ್ನು ಸಮರ್ಥಿಸಿ ಬರೆದ ಪತ್ರದಲ್ಲಿ ಲೂಥರನೇ ಇದನ್ನು ಹೇಳಿದ್ದ: ಲ್ಯಾಟಿನ್ ಅಕ್ಷರಗಳನ್ನು ಕೇಳಬೇಡಿ; ಮನೆಯ ತಾಯಿಯನ್ನು, ಬೀದಿಯ ಮಕ್ಕಳನ್ನು, ಸಂತೆಯ ಮನುಷ್ಯನನ್ನು ಕೇಳಿ ಎಂಬುದು ಅದರ ಸಾರ. ಅವನ ಬೈಬಲ್ ಓದಿ ಬೆಳೆದ ಫರ್ಡಿನಾಂಡ್ ಕಿಟೆಲ್ ಈ ಬುದ್ಧಿವಾದವನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದ. 1853ರಲ್ಲಿ ಬಂದವನು 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲಿಯೇ ಹೊಸೆದ. 1894ರ ನಿಘಂಟಿನಲ್ಲಿ ಕಾವ್ಯದ ಪದಗಳ ಪಕ್ಕದಲ್ಲೇ ಜನರ ಗಾದೆಗಳನ್ನು ಕೂರಿಸಿದ. ಧರ್ಮಶಾಸ್ತ್ರದ ಪದಕೋಶ ಮಾಡಲಿಲ್ಲ, ಇಡೀ ಭಾಷೆಯ ಕೋಶ ಮಾಡಿದ. ದೇವರ ಮಾತಿಗೆ ಬೇರೆ ಕಪಾಟು ಬೇಕಿಲ್ಲ ಎಂದು ಅವನಿಗೆ ಅನ್ನಿಸಿರಬೇಕು.

ಇಂಗ್ಲಿಷ್ ಅನುವಾದಕರ ದೊಡ್ಡ ಹಟವೆಂದರೆ ಒಂದು ಜರ್ಮನ್ ಪದಕ್ಕೆ ಪುಸ್ತಕದುದ್ದಕ್ಕೂ ಒಂದೇ ಇಂಗ್ಲಿಷ್ ಪದ. ಪಾರಿಭಾಷಿಕ ಶಿಸ್ತು ಎಂದು ಅದಕ್ಕೆ ಹೆಸರು. ಬಾರ್ತ್‌ನ ‘ಔಫ್‌ಹೇಬುಂಗ್’ ಒಂದು ಪುಟದಲ್ಲಿ ಅಂಗಡಿ ಎತ್ತುತ್ತದೆ, ಮುಂದಿನ ಪುಟದಲ್ಲಿ ಉಂಡಿ ಎತ್ತಿಡುತ್ತದೆ. ಎರಡಕ್ಕೂ ಒಂದೇ ಮುಚ್ಚಳ ಹಾಕಲು ಹೋದದ್ದರಿಂದ ಐವತ್ತು ವರ್ಷ ಓದುಗರು ದಾರಿತಪ್ಪಿದರು. ಮುಂದೆ ಬಾರ್ತ್ ಆಗಲಿ ಅವನ ಕಾಲದ ಜರ್ಮನ್ ಧರ್ಮಶಾಸ್ತ್ರಜ್ಞ ಬುಲ್ಟ್‌ಮನ್ ಆಗಲಿ ಕನ್ನಡಕ್ಕೆ ಬರುವುದಾದರೆ ಇಂಗ್ಲಿಷಿನ ಮುಚ್ಚಳಗಳನ್ನು ಹೊತ್ತುಕೊಂಡು ಬರುವ ಅಗತ್ಯವಿಲ್ಲ. ಪ್ರತಿ ವಾಕ್ಯದಲ್ಲಿ ಆ ಪದ ಮಾಡುವ ಕೆಲಸ ನೋಡಿ, ಆ ಕೆಲಸಕ್ಕೆ ಈ ನೆಲದಲ್ಲಿ ಯಾವ ಮಾತು ದುಡಿಯುತ್ತಿದೆಯೋ ಅದನ್ನು ಕರೆಯಬೇಕು. ಅದರ ಹಳೆಯ ಸಂಸಾರವನ್ನು ಮುಚ್ಚಿಡದೆ ಓದುಗನಿಗೆ ಪರಿಚಯ ಮಾಡಿಕೊಡಬೇಕು.

ಕೆಲಸ ಶುರುಮಾಡಲು ಬೇಕಾದ ಹಳೆಯ ಪುಸ್ತಕಗಳು ಮಂಗಳೂರಿನ ಬಲ್ಮಠದಲ್ಲಿ, ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಕಿಟೆಲ್‌ನ ಸಂಗ್ರಹ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿದೆ. ಜರ್ಮನ್ ಬಲ್ಲ ಒಬ್ಬರು, ವಚನ ಬಲ್ಲ ಒಬ್ಬರು ಬಲ್ಮಠದಲ್ಲಿ ಒಟ್ಟಿಗೆ ಕೂತು ‘ನೀತಿವಂತ’ ಎಂಬ ಪದದಿಂದಲೇ ಆರಂಭಿಸಲಿ.