ತೂಗುಸೇತುವೆಯ ತುಕ್ಕು, ಶಾಲೆಯ ಹಾಜರಿ



ನಮ್ಮ ಕಡೆ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಮಕ್ಕಳ ಕೈಹಿಡಿದು ಕಾಲುಸಂಕ ದಾಟಿಸಿದ, ಕಡವಿನಲ್ಲಿ ದೋಣಿಗೆ ಕಾದ ನೆನಪು ಹಿರಿಯರಿಗೆ ಇನ್ನೂ ಇದೆ. ಆ ಕಷ್ಟವನ್ನು ಎಷ್ಟೋ ಕಡೆ ನೀಗಿಸಿದ್ದು ತೂಗುಸೇತುವೆಗಳು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಬಳಿಕ ಕರ್ನಾಟಕ, ಕೇರಳ ಮತ್ತಿತರ ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕಿ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅದೇ ಪಯಸ್ವಿನಿ ಮುಂದೆ ಹರಿದು ನಮ್ಮ ಕಾಸರಗೋಡಿಗೆ ಬರುತ್ತದೆ.

ಆದರೆ ಉಕ್ಕಿಗೂ ವಯಸ್ಸಾಗುತ್ತದೆ. ಸೇತುವೆಯ ಮುಖ್ಯ ಹಗ್ಗವೆಂದರೆ ಹಲವು ತಂತಿಗಳ ಹುರಿ. ಹೊರಗೆ ಬಣ್ಣ ಬಳಿದರೆ ನೋಡಲು ಚೆಂದವೇ. ನೀರು ನಿಲ್ಲುವುದು ಹಿಡಿಕೆ ಬಿಗಿದ ಜಾಗದಲ್ಲಿ, ದಡದ ಗುಂಡಿಯಲ್ಲಿ ಹಗ್ಗ ನೆಲಕ್ಕೆ ಸೇರುವಲ್ಲಿ. ತುಕ್ಕು ಅಲ್ಲಿಂದ ಒಳಗೊಳಗೇ ತಿನ್ನುತ್ತದೆ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಮಂದಿ ಸತ್ತರು. ದುರಸ್ತಿಯಾಗಿ ತೆರೆದು ನಾಲ್ಕೇ ದಿನವಾಗಿತ್ತು! ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವೆಂದೂ ಅವು ಮೊದಲೇ ತುಂಡಾಗಿದ್ದಿರಬಹುದೆಂದೂ ತನಿಖಾ ತಂಡ ಹೇಳಿತು. ಹಳೆಯ ಹಗ್ಗಕ್ಕೆ ಹೊಸ ಹಲಗೆ ಹಾಸಿದ್ದರು, ಅಷ್ಟೆ.

ಹಾಗೆಂದು ಸೇತುವೆ ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಿದರೆ ಏನಾಗುತ್ತದೆಂದು ಕಂಡವನು ನಾನು. ನಮ್ಮೂರಿನ ಸಮೀಪ ಒಂದು ಸೇತುವೆಗೆ ಮಳೆಗಾಲದ ಮೊದಲ ವಾರ ಅಡ್ಡಗಂಬ ಬಿತ್ತು. ಸುತ್ತು ದಾರಿ ದೂರ. ಆಚೆ ದಡದ ಕೆಲವು ಮನೆಯವರು ಮಕ್ಕಳನ್ನು ತಮ್ಮ ಕಡೆಯ ಮಲಯಾಳಂ ಮಾಧ್ಯಮಕ್ಕೆ ಸೇರಿಸಿದರು. ಅವರನ್ನು ದೂರುವ ಬಾಯಿ ನನಗಿಲ್ಲ. ಕೇರಳದಲ್ಲಿ ಅಧ್ಯಾಪಕ ಹುದ್ದೆಗಳ ಲೆಕ್ಕ ಹಿಡಿಯುವುದು ಆರನೆಯ ಕೆಲಸದ ದಿನದ ಹಾಜರಿಯ ಮೇಲೆ. ಮಳೆ ನಿಂತ ಮೇಲೆ ಗಂಬ ತೆಗೆದರೂ ಹೋದ ಮಕ್ಕಳು ಮರಳಲಿಲ್ಲ.

ಆದುದರಿಂದ ತಪಾಸಣೆ ಆಗಬೇಕಾದುದು ಏಪ್ರಿಲ್, ಮೇ ತಿಂಗಳಲ್ಲಿ, ಜೂನ್‌ನಲ್ಲಲ್ಲ. ಬಣ್ಣ ಬಳಿಯುವವರು ಬಂದರೆ ಸಾಲದು, ಹಗ್ಗದ ಬುಡ ಅಗೆದು ನೋಡುವ ಇಂಜಿನಿಯರರು ಬರಬೇಕು. ಎಷ್ಟು ಜನ ಒಮ್ಮೆಗೆ ದಾಟಬಹುದೆಂಬ ಫಲಕ ಕನ್ನಡದಲ್ಲೂ ಇರಬೇಕು. ಇದೆಲ್ಲ ರಕ್ಷಕ-ಶಿಕ್ಷಕ ಸಂಘದ ಕೆಲಸವೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಮಕ್ಕಳು ದಾಟುವ ದಾರಿ ನಮ್ಮ ಕೆಲಸವಲ್ಲವಾದರೆ ಮತ್ತೆ ಯಾವುದು?

ಅರ್ಜಿ ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಕಚೇರಿಯಲ್ಲಿ ಹಿಂದಕ್ಕೆ ಕೊಟ್ಟರೆ ವಿಧಿಯ ಸಂಖ್ಯೆ ಹೇಳಿ ಮತ್ತೆ ಮೇಜಿನ ಮೇಲಿಡಿ. ಸ್ವೀಕೃತಿಯ ಮುದ್ರೆ ಬೀಳದೆ ಹೊರಡಬೇಡಿ. ಬೈಕು ದಾಟಿಸುವ ನಮ್ಮವರೇ ಹುಡುಗರಿಗೂ ಒಂದು ಮಾತು ಹೇಳಿ. ಅದು ಕಾಲುದಾರಿಗೆಂದು ಕಟ್ಟಿದ್ದು.