ಬಾಡಿಗೆಯ ಹೆಸರಿನಲ್ಲಿ ಬಡ್ಡಿಯ ಕಾರು

ಮದುವೆಯ ಹಂಗಾಮು ಬಂತೆಂದರೆ ಬಾಗಲಕೋಟೆಯ ನವನಗರದಿಂದ ಇಳಕಲ್ಲಿನವರೆಗೆ ಕಾರಿನ ಮಾತು ಜೋರಾಗುತ್ತದೆ. ಸೀರೆ ವ್ಯಾಪಾರಿಯ ಮನೆಯಲ್ಲಾಗಲಿ, ಗ್ರಾನೈಟ್ ಕೆಲಸದ ಮೇಸ್ತ್ರಿಯ ಮನೆಯಲ್ಲಾಗಲಿ, ಗಲ್ಫಿನಿಂದ ಮಗ ರಜೆಗೆ ಬಂದಿರುವ ಮನೆಯಲ್ಲಾಗಲಿ ಚರ್ಚೆ ಒಂದೇ. ಯಾವ ಕಾರು, ಎಷ್ಟು ಮುಂಗಡ, ಎಷ್ಟು ಕಂತು? ಈಗ ಈ ಚರ್ಚೆಗೆ ಹೊಸ ಮಾತೊಂದು ಸೇರಿಕೊಂಡಿದೆ. ಕೊಳ್ಳುವುದೇಕೆ, ಲೀಸಿಗೆ ತೆಗೆದುಕೊಳ್ಳಿ ಎಂಬುದೇ ಆ ಮಾತು. ಲೀಸು ಅಗ್ಗ ಎನ್ನುತ್ತಾರೆ. ಅದರಲ್ಲಿ ಬಡ್ಡಿಯಿಲ್ಲ, ಬರೀ ಬಾಡಿಗೆ, ಆದ್ದರಿಂದ ನಮ್ಮವರಿಗೆ ಅಡ್ಡಿಯಿಲ್ಲ ಎಂದೂ ಸೇರಿಸುತ್ತಾರೆ. ನಮ್ಮ ಊರುಗಳ ಮಟ್ಟಿಗೆ ಈ ಎರಡೂ ಮಾತುಗಳು ಸುಳ್ಳು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಆ ಪದವನ್ನೇ ನೋಡೋಣ. ನಮ್ಮ ಪಟ್ಟಣಗಳಲ್ಲಿ ಲೀಸ್ ಎಂದರೆ ಜನರಿಗೆ ನೆನಪಾಗುವುದು ಮನೆಯ ಭೋಗ್ಯ. ಎರಡು-ಮೂರು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಕೊಟ್ಟಷ್ಟೂ ಹಣ ಹಿಂಪಡೆಯುವ ಪದ್ಧತಿ ಅದು. (ಸಾಲ ಕೊಟ್ಟು ಅದರಿಂದ ಲಾಭ ಪಡೆಯುವ ಆ ಪದ್ಧತಿಯೂ ಪ್ರಶ್ನಾರ್ಹವೇ. ಅದನ್ನು ಬೇರೊಮ್ಮೆ ಚರ್ಚಿಸೋಣ.) ಕಾರಿನ ಲೀಸು ಹಾಗಲ್ಲ. ಇಲ್ಲಿ ತಿಂಗಳು ತಿಂಗಳು ಕಟ್ಟಿದ ಹಣ ಮರಳುವುದಿಲ್ಲ, ಅವಧಿ ಮುಗಿದಾಗ ಕಾರೂ ಉಳಿಯುವುದಿಲ್ಲ. ಮಹಾನಗರಗಳಲ್ಲಿ ಇದು ಹೊಸತೇನಲ್ಲ. ಮಾರುತಿ ಸುಝುಕಿ ಸಂಸ್ಥೆಯು 2020ರ ಜುಲೈಯಲ್ಲಿ ಬೆಂಗಳೂರು ಮತ್ತು ಗುರುಗ್ರಾಮಗಳಲ್ಲಿ ತಿಂಗಳ ಬಾಡಿಗೆಗೆ ಹೊಸ ಕಾರು ನೀಡುವ ಯೋಜನೆಯನ್ನು ಆರಂಭಿಸಿತು. ದೊಡ್ಡ ಕಂಪೆನಿಯ ನೌಕರನಿಗೆ ಕಂಪೆನಿಯೇ ಲೀಸಿನ ಕಾರು ಕೊಡಿಸಿ, ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಂಡರೆ ಆದಾಯ ತೆರಿಗೆಯಲ್ಲಿ ಉಳಿತಾಯವಾಗುವುದುಂಟು. ಎರಡು-ಮೂರು ವರ್ಷಕ್ಕೊಮ್ಮೆ ಊರು ಬದಲಿಸುವವನಿಗೂ ಅದು ಅನುಕೂಲ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ನೌಕರನ ಲೆಕ್ಕವನ್ನು ಹುನಗುಂದದ ಅಂಗಡಿಕಾರನ ಮುಂದಿಡುವುದು ಯಾವ ನ್ಯಾಯ?

ಅಂಗಡಿಕಾರನಿಗೆ ಹೇಳುವ ಮಾತು ಹೀಗಿರುತ್ತದೆ: ಲೀಸಿನ ಬಾಡಿಗೆಯನ್ನು ವ್ಯಾಪಾರದ ಖರ್ಚಿಗೆ ಹಾಕಿ, ತೆರಿಗೆ ಉಳಿಸಿ. ಆದರೆ ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಹಲವರು ಆದಾಯ ತೆರಿಗೆ ಸಲ್ಲಿಸುವುದು ಅಂದಾಜು ಲಾಭದ ಪದ್ಧತಿಯಲ್ಲಿ. ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ತೋರಿಸಿದ ಮೇಲೆ ಖರ್ಚುಗಳನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವೇ ಇಲ್ಲ. ಬಾಡಿಗೆಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮರಳಿ ಪಡೆಯೋಣವೆಂದರೆ, ಹದಿಮೂರು ಜನರವರೆಗಿನ ಪ್ರಯಾಣಿಕ ವಾಹನಗಳಿಗೆ ಸಾಮಾನ್ಯ ವ್ಯಾಪಾರಿಗೆ ಆ ಸೌಲಭ್ಯವನ್ನು ಕಾನೂನೇ ತಡೆದಿದೆ. ಹಾಗಾದರೆ ಉಳಿದದ್ದೇನು?

ಇನ್ನು ಕೊಳ್ಳುವವರ ಲೆಕ್ಕ. 6.60 ಲಕ್ಷ ರೂ. ಬೆಲೆಯ ಕಾರನ್ನು ತೆಗೆದುಕೊಳ್ಳೋಣ. ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ ದೇಶದಲ್ಲೇ ಭಾರವಾದವುಗಳಲ್ಲಿ ಒಂದು. ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವಾಗ 8 ಲಕ್ಷವಾಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಮುಂಗಡ ಕೊಟ್ಟು, ಉಳಿದ 7 ಲಕ್ಷವನ್ನು ಶೇ. 9.5ರ ಬಡ್ಡಿಗೆ ಏಳು ವರ್ಷಕ್ಕೆ ಸಾಲ ಮಾಡಿದರೆ ಕಂತು ಸುಮಾರು 11,440 ರೂ. ಏಳು ವರ್ಷದಲ್ಲಿ ಕಟ್ಟುವುದು 9.61 ಲಕ್ಷ. ಅಂದರೆ ಬಡ್ಡಿಯೊಂದೇ 2.61 ಲಕ್ಷ! ಷೋರೂಮಿನಲ್ಲಿ ಈ ಮೊತ್ತವನ್ನು ಎದ್ದು ಕಾಣುವಂತೆ ಬರೆದು ತೋರಿಸಿದವರನ್ನು ನಾವಂತೂ ಕಂಡಿಲ್ಲ. ಅಲ್ಲಿ ದೊಡ್ಡ ಅಕ್ಷರದಲ್ಲಿರುವುದು ಕಂತು ಮಾತ್ರ.

ಮೂರು ವರ್ಷ ಕಳೆದು ವ್ಯಾಪಾರ ಕುಸಿಯಿತು ಎನ್ನೋಣ. ಮೂವತ್ತಾರು ಕಂತುಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಕಟ್ಟಿದ್ದರೂ ಬಾಕಿ ಅಸಲು ಇನ್ನೂ 4.55 ಲಕ್ಷದಷ್ಟಿರುತ್ತದೆ. ವಿಮಾ ಕಂಪೆನಿಗಳು ಅನುಸರಿಸುವ ಸವಕಳಿಯ ಪಟ್ಟಿಯ ಪ್ರಕಾರ ಮೂರು ವರ್ಷ ದಾಟಿದ ಕಾರಿನ ಬೆಲೆ ಶೇ. 40ರಷ್ಟು ಇಳಿದು ನಾಲ್ಕು ಲಕ್ಷದೊಳಗೆ ಬಂದಿರುತ್ತದೆ. ಆ ಬೆಲೆಗೆ ಕಾರನ್ನು ಮಾರಿದರೂ ಸಾಲ ತೀರುವುದಿಲ್ಲ. ಬಾಗಿಲಲ್ಲಿ ನಿಂತಿರುವುದು ಆಸ್ತಿಯಲ್ಲ, ಸಾಲ.

ಹಾಗಾದರೆ ಲೀಸೇ ಲೇಸಲ್ಲವೇ ಎಂದು ಕೇಳುವವರಿಗೆ ಇದೇ ಕಾರಿನ ನಾಲ್ಕು ವರ್ಷದ ಲೆಕ್ಕವನ್ನು ಮುಂದಿಡುತ್ತೇವೆ. ಮುಂಗಡ 1 ಲಕ್ಷ, ನಲವತ್ತೆಂಟು ಕಂತು 5.49 ಲಕ್ಷ, ವಿಮೆ ಮತ್ತು ಸರ್ವಿಸಿಗೆ ಅಂದಾಜು 94 ಸಾವಿರ. ಒಟ್ಟು 7.43 ಲಕ್ಷ. ಆಗ ಕಾರನ್ನು ಮೂರೂವರೆ ಲಕ್ಷಕ್ಕೆ ಮಾರಿದರೆ ಉಳಿದ ಸಾಲಕ್ಕೆ ಹೆಚ್ಚು-ಕಡಿಮೆ ಅದು ಸರಿಹೋಗುತ್ತದೆ. ಈ ಮೊತ್ತವನ್ನು ನಲವತ್ತೆಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 15,500 ರೂ. ಅಂದರೆ ವಿಮೆ, ಸರ್ವಿಸು, ತೆರಿಗೆ ಎಲ್ಲವೂ ಸೇರಿ ಲೀಸಿನವರು ಇದಕ್ಕಿಂತ ಹೆಚ್ಚು ಕೇಳಿದರೆ, ಬಡ್ಡಿಯ ಸಾಲಕ್ಕಿಂತಲೂ ಅದು ದುಬಾರಿ. ಇದಕ್ಕಿಂತ ಕಡಿಮೆ ಹೇಳಿದರೆ ಕರಾರನ್ನು ಇನ್ನೊಮ್ಮೆ ಓದಬೇಕು. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ, ಮಿತಿ ಮೀರಿದರೆ ಹೆಚ್ಚುವರಿ ಶುಲ್ಕ, ಮರಳಿಸುವಾಗ ಗೀರು-ತಗ್ಗುಗಳಿಗೆ ದಂಡ, ನಡುವೆ ಬಿಟ್ಟರೆ ಇಷ್ಟು ತಿಂಗಳ ಬಾಡಿಗೆ ಎಂಬ ಷರತ್ತುಗಳು ಅಲ್ಲಿಯೇ ಇರುತ್ತವೆ. ಕಲ್ಲುಗಣಿಗಳ ಲಾರಿಗಳು ಓಡಾಡುವ ನಮ್ಮ ರಸ್ತೆಗಳಲ್ಲಿ ಗೀರಿಲ್ಲದ ಕಾರನ್ನು ನಾಲ್ಕು ವರ್ಷದ ಬಳಿಕ ಮರಳಿಸುವ ಭಾಗ್ಯ ಯಾರಿಗಿದೆ?

ಈಗ ಬಡ್ಡಿಯಿಲ್ಲ ಎಂಬ ಮಾತಿಗೆ ಬರೋಣ. ನಮಗೆ ಹೆಚ್ಚು ನೋವಾಗಿರುವುದು ಇದರಿಂದಲೇ.

ಇಸ್ಲಾಮಿನಲ್ಲಿ ಬಾಡಿಗೆ ನಿಷಿದ್ಧವಲ್ಲ. ಇಜಾರಾ ಎಂಬ ಹೆಸರಿನಲ್ಲಿ ಫಿಕ್ಹ್ ಗ್ರಂಥಗಳು ಅದನ್ನು ವಿವರವಾಗಿ ಚರ್ಚಿಸಿವೆ. ಆದರೆ ಬಾಡಿಗೆ ಬಾಡಿಗೆಯಾಗಬೇಕಾದರೆ ವಸ್ತುವಿನ ಹೊಣೆ ಮಾಲಿಕನ ಮೇಲಿರಬೇಕು. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 2000ದ ಸೆಪ್ಟೆಂಬರಿನಲ್ಲಿ ರಿಯಾದಿನ ಅಧಿವೇಶನದಲ್ಲಿ, ಕೊನೆಗೆ ಒಡೆತನಕ್ಕೆ ಬರುವ ಲೀಸಿನ ಬಗ್ಗೆ ನಿರ್ಣಯ ಕೈಗೊಂಡಾಗ ಇದನ್ನೇ ಹೇಳಿತು. ಬಾಡಿಗೆ ಎಂಬುದು ಮಾರಾಟದ ಮುಖವಾಡವಾಗಬಾರದು. ಬಾಡಿಗೆದಾರನ ತಪ್ಪಿಲ್ಲದೆ ವಸ್ತುವಿಗೆ ಹಾನಿಯಾದರೆ ಅದರ ಹೊಣೆ ಮಾಲಿಕನದು, ವಿಮೆ ಇದ್ದರೆ ಅದರ ಖರ್ಚೂ ಮಾಲಿಕನದು. ನಮ್ಮಲ್ಲಿ ಫೈನಾನ್ಸ್ ಕಂಪೆನಿಗಳು ಕೊಡುವ ಲೀಸಿನಲ್ಲಿ ಸಾಮಾನ್ಯವಾಗಿ ಆಗುವುದೇನು? ವಿಮೆ ಬಾಡಿಗೆದಾರನ ಹೆಗಲಿಗೆ, ರಿಪೇರಿ ಅವನ ಹೆಗಲಿಗೆ, ತಡವಾದರೆ ದಂಡಬಡ್ಡಿ ಅವನ ಹೆಗಲಿಗೆ. ಕಾರಿನ ಬೆಲೆ, ಕಂಪೆನಿಗೆ ಬರಬೇಕಾದ ಬಡ್ಡಿಯ ದರ, ಅವಧಿ ಇವನ್ನು ಲೆಕ್ಕ ಹಾಕಿಯೇ ಬಾಡಿಗೆಯ ಮೊತ್ತವನ್ನು ತೆಗೆಯಲಾಗಿರುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಬಡ್ಡಿ ಬಡ್ಡಿಯಲ್ಲವಾಗುವುದೇ?

ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ಮತ್ತು ಹುನಗುಂದ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದ್ದನ್ನು ನಾವ್ಯಾರೂ ಮರೆತಿಲ್ಲ. ಅಂಥ ನೆರೆಯಲ್ಲಿ ಲೀಸಿನ ಕಾರು ಕೊಚ್ಚಿಹೋದರೆ ಮುಂದಿನ ತಿಂಗಳಿನಿಂದ ಬಾಡಿಗೆ ನಿಲ್ಲುತ್ತದೆಯೇ? ಏಜೆಂಟರ ಬಾಯಿಮಾತು ಬೇಡ, ಕರಾರಿನಲ್ಲಿ ಬರೆದಿರುವುದನ್ನು ತೋರಿಸಲಿ. ನಿಲ್ಲುತ್ತದೆ ಎಂದಿದ್ದರೆ ಅದನ್ನು ಬಾಡಿಗೆಯೆಂದು ಪರಿಗಣಿಸಬಹುದು. ಉಳಿದ ಕಂತುಗಳನ್ನು ಕಟ್ಟಲೇಬೇಕು ಎಂದಿದ್ದರೆ ಅದು ಸಾಲ.

ದೇಶದ ಕಾನೂನೂ ಈ ಮುಖವಾಡವನ್ನು ಹೆಚ್ಚು ಗೌರವಿಸಿಲ್ಲ. ಮೋಟಾರು ವಾಹನ ಕಾಯ್ದೆ 1988ರ 2(30)ನೇ ಕಲಮಿನ ಪ್ರಕಾರ ಬಾಡಿಗೆ-ಖರೀದಿಯಾಗಲಿ, ಲೀಸಾಗಲಿ, ಒತ್ತೆಯ ಸಾಲವಾಗಲಿ, ಆ ಕರಾರಿನಡಿ ವಾಹನ ಯಾರ ಸ್ವಾಧೀನದಲ್ಲಿದೆಯೋ ಅವನೇ ಮಾಲಿಕ. ಅಪಘಾತವಾಗಿ, ವಿಮೆ ಕೈಕೊಟ್ಟರೆ ಪರಿಹಾರಕ್ಕಾಗಿ ನ್ಯಾಯಾಲಯ ಹುಡುಕಿಕೊಂಡು ಬರುವುದು ಅವನನ್ನೇ. ಮಾರುವ ಹಕ್ಕಿಲ್ಲದ, ಹೊಣೆ ಮಾತ್ರ ಇರುವ ವಿಚಿತ್ರ ಮಾಲಿಕತ್ವ! ಲೆಕ್ಕಪರಿಶೋಧಕರೂ ಎಚ್ಚೆತ್ತಿದ್ದಾರೆ. 2019ರ ಏಪ್ರಿಲ್‌ನಿಂದ ದೊಡ್ಡ ಕಂಪೆನಿಗಳು ತಾವು ಪಡೆದ ದೀರ್ಘಾವಧಿಯ ಲೀಸುಗಳನ್ನು ಸಾಲದಂತೆಯೇ ಹೊಣೆಗಾರಿಕೆಯ ಪಟ್ಟಿಯಲ್ಲಿ ತೋರಿಸಬೇಕಾಗಿದೆ.

ಹಲಾಲ್ ಎಂಬ ಹಣೆಪಟ್ಟಿಗೆ ಮರುಳಾಗಿ ಈ ಸಮುದಾಯ ತೆತ್ತ ಬೆಲೆಯನ್ನೂ ಇಲ್ಲಿ ನೆನಪಿಸದೆ ವಿಧಿಯಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿ, ಅದರ ಮುಖ್ಯಸ್ಥ ದೇಶ ಬಿಟ್ಟಾಗ ಬೀದಿಯಲ್ಲಿ ನಿಂತು ಅತ್ತವರು ಬಡ್ಡಿಯನ್ನು ತೊರೆಯಬಯಸಿದ ಸಜ್ಜನರೇ. ಬಡ್ಡಿರಹಿತ ವ್ಯವಸ್ಥೆ ಬ್ಯಾಂಕಿನಲ್ಲೇ ಸಿಗುವಂತಿದ್ದರೆ ಅವರು ಅಲ್ಲಿಗೆ ಹೋಗುತ್ತಿರಲಿಲ್ಲವೇನೋ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಅಂಥ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು. ಆ ದಿಕ್ಕಿನಲ್ಲಿ ಮುಂದುವರಿಯುವುದಿಲ್ಲವೆಂದು 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಸರಕಾರವನ್ನು ಪ್ರಶ್ನಿಸಬೇಕಾದದ್ದು ನಿಜ. ಆದರೆ ನಮ್ಮ ಅವಸರಕ್ಕೂ ಅದನ್ನೇ ನೆಪ ಮಾಡಿಕೊಳ್ಳಬಹುದೇ?

ಅಷ್ಟಕ್ಕೂ ನಮ್ಮ ಮನೆಗಳಿಗೆ ಕಾರು ಎಷ್ಟು ದಿನ ಬೇಕು? ಏಳು ವರ್ಷದ ಮುಂಗಡ, ಕಂತು, ವಿಮೆ, ಸರ್ವಿಸು ಎಲ್ಲ ಕೂಡಿಸಿ, ಕೊನೆಗೆ ಮಾರಿ ಬರುವ ಎರಡೂವರೆ ಲಕ್ಷವನ್ನು ಕಳೆದರೂ ಆ ಕಾರು ವರ್ಷಕ್ಕೆ ಸುಮಾರು 1.40 ಲಕ್ಷ ನುಂಗುತ್ತದೆ. ಪೆಟ್ರೋಲು ಬೇರೆ. ಬಾಡಿಗೆ ಗಾಡಿಯವರು ಕಿಲೋಮೀಟರಿಗೆ 14 ರೂ., ದಿನಕ್ಕೆ ಕನಿಷ್ಠ 250 ಕಿ.ಮೀ. ಎಂದು ಹಿಡಿದು 3,500 ರೂ. ಪಡೆದರೆನ್ನೋಣ. ಸ್ವಂತ ಕಾರಿನಲ್ಲಿ ಅದೇ ದಿನದ 120 ಕಿ.ಮೀ. ಓಡಾಟಕ್ಕೆ ಪೆಟ್ರೋಲಿಗೆ ಏಳುನೂರು ಬೇಕು. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಐವತ್ತು ದಿನ, ಅಂದರೆ ವಾರಕ್ಕೊಮ್ಮೆ ತಪ್ಪದೆ ಇಡೀ ದಿನ ಕಾರು ಬೇಕಾದವನಿಗೆ ಮಾತ್ರ ಸ್ವಂತ ಕಾರು ಸರಿಹೋಗುತ್ತದೆ. ಎರಡು ಮದುವೆ, ಒಂದು ಮಯ್ಯತ್, ಹುಬ್ಬಳ್ಳಿ ಆಸ್ಪತ್ರೆಗೆ ನಾಲ್ಕು ಸಲ, ರಜೆಯಲ್ಲಿ ಮಕ್ಕಳೊಂದಿಗೆ ಐಹೊಳೆ-ಪಟ್ಟದಕಲ್ಲಿಗೆ ಒಂದು ದಿನ. ನಮ್ಮಲ್ಲಿ ಹೆಚ್ಚಿನವರ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ. ಬಾಗಲಕೋಟೆ, ಬಾದಾಮಿಯವರಿಗೆ ರೈಲಿದೆ. ಇಳಕಲ್, ಹುನಗುಂದದವರಿಗೆ ಅದಿಲ್ಲದಿದ್ದರೂ ಹೆದ್ದಾರಿಯ ಬಸ್ಸುಗಳಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮನೆಯ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸು ಉಚಿತವಾಯಿತು.

ಕಾರೇ ಬೇಡವೆಂದು ನಾವು ಹೇಳುತ್ತಿಲ್ಲ. ವಾರಕ್ಕೆ ಎರಡು ಬಾರಿ ತಂದೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಮಗನಿಗೆ ಕಾರು ಬೇಕು. ಅಂಥವನು ಕೂಡಿಟ್ಟ ಹಣಕ್ಕೆ ತಕ್ಕ ಹಳೆಯ ಕಾರನ್ನು, ನಂಬಿಕಸ್ಥ ಮೆಕ್ಯಾನಿಕ್‌ಗೆ ತೋರಿಸಿ, ನಗದಾಗಿ ಕೊಳ್ಳಲಿ. ಹಳೆಯ ಕಾರಿಗೆ ಊರಿನ ಫೈನಾನ್ಸಿನವರು ಹೇಳುವ ಫ್ಲಾಟ್ ಬಡ್ಡಿಯ ಬಲೆಗೆ ಮಾತ್ರ ಬೀಳದಿರಲಿ. ಎರಡು ಲಕ್ಷಕ್ಕೆ ಮೂರು ವರ್ಷ, ಶೇ. 12 ಫ್ಲಾಟ್ ಎಂದರೆ ಕೇಳಲು ಸಣ್ಣದು. ತೀರಿದ ಅಸಲಿಗೂ ಬಡ್ಡಿ ಕಟ್ಟುತ್ತಲೇ ಹೋಗುವುದರಿಂದ ಅದರ ನಿಜವಾದ ದರ ಶೇ. 21ನ್ನು ದಾಟುತ್ತದೆ. ಬಾದಾಮಿಯಲ್ಲಿ ಪ್ರವಾಸಿಗಳನ್ನು ಮೇಣಬಸದಿಗೆ, ಪಟ್ಟದಕಲ್ಲಿಗೆ ಕರೆದೊಯ್ದು ಹೊಟ್ಟೆ ಹೊರೆಯುವ ಚಾಲಕರ ವಿಚಾರವೇ ಬೇರೆ. ಅವರಿಗೆ ಗಾಡಿ ದುಡಿಮೆಯ ಸಾಧನ. ಆದರೆ ಬೇಸಿಗೆಯ ಖಾಲಿ ತಿಂಗಳುಗಳಲ್ಲೂ ಕಂತು ತಪ್ಪುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಇಬ್ಬರು-ಮೂವರಿಗೆ ಜಮಾಅತ್‌ಗಳು ಬಡ್ಡಿರಹಿತ ಸಾಲ ನೀಡಿದರೆ ಮೊಹಲ್ಲಾಕ್ಕೆ ಬೇಕಾದಾಗ ಬಾಡಿಗೆ ಗಾಡಿಯೂ ಸಿಗುತ್ತದೆ, ಒಂದು ಮನೆಯೂ ನಿಲ್ಲುತ್ತದೆ.

ಕೊನೆಯದಾಗಿ ಮದುವೆ ಮಂಟಪದ ಮುಂದೆ ಹೂವಿನ ಹಾರ ಹಾಕಿಸಿಕೊಂಡು ನಿಲ್ಲುವ ಕಾರಿನ ಬಗ್ಗೆ. ಅದಕ್ಕೆ ‘ಖುಷಿಯಿಂದ ಕೊಟ್ಟ ಕೊಡುಗೆ’ ಎಂದು ಹೆಸರು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಮಹ್ರನ್ನು ಗಂಡೇ ಹೆಣ್ಣಿಗೆ ಕೊಡಬೇಕೆಂಬ ಕಟ್ಟಳೆ ಬಂದು ಹದಿನಾಲ್ಕು ಶತಮಾನ ಕಳೆದಿವೆ. ಆದರೂ ಅಳಿಯ ಓಡಿಸುವ ಕಾರಿನ ಕಂತನ್ನು ಮಗ್ಗದ ಮುಂದೆ ಕುಳಿತ ಮಾವ ಏಳು ವರ್ಷ ಕಟ್ಟುತ್ತಾನೆ! ಲೀಸಿನವರು ಈ ಮಾರುಕಟ್ಟೆಗೂ ಬಂದರೆ ಆ ಬಡಪಾಯಿಗೆ ಕೊನೆಗೆ ಹಳೆಯ ಕಾರಿನ ಬೆಲೆಯೂ ಉಳಿಯದು. ನಮ್ಮ ಮಸೀದಿ ಕಮಿಟಿಗಳು ನಿಕಾಹ್ ದಫ್ತರದಲ್ಲಿ ಮಹ್ರಿನ ಮೊತ್ತವನ್ನು ಕೇಳಿ ಬರೆದುಕೊಳ್ಳುತ್ತವೆ. ಹೊರಗೆ ನಿಂತ ಕಾರಿನ ಆರ್.ಸಿ. ಯಾರ ಹೆಸರಿನಲ್ಲಿದೆ, ಅದರ ಮೇಲೆ ಯಾವ ಫೈನಾನ್ಸಿನ ನಮೂದಿದೆ, ಕಂತು ಕಟ್ಟುವವರು ಯಾರು ಎಂಬುದನ್ನೂ ನಿಕಾಹ್‌ಗೆ ಮುಂಚೆಯೇ ವರನ ತಂದೆಯಲ್ಲಿ ಕೇಳಲಿ.