ಪರದೆ ಮಿಣುಕಿದ್ರೆ ಕಂಪ್ಯೂಟರ್ ಮೇಲೆ ತಪ್ಪು ಹೊರಿಸಬೇಡಿ

▪️ ಭಾಗ 1/4
"ಸಿಸ್ಟಮ್ ಹಳೇದು ಸಾರ್, ಹೊಸದು ತಗೊಳ್ಳಿ."
ಬಿಲ್ ಹಾಕೋವಾಗ ಪರದೆ ಪಟಪಟ ಮಿಣುಕುತ್ತೆ ಅಂತ ಫೋನ್ ಮಾಡಿದ್ರೆ ಸಿಗೋ ಸಿದ್ಧ ಉತ್ತರ ಇದು. ಕೆ.ಆರ್.ಪೇಟೆಯ ಗೊಬ್ಬರದ ಅಂಗಡಿಯವರೇ, ಹಳ್ಳಿ ಡೇರಿಯವರೇ, ದುಡ್ಡು ಬಿಚ್ಚೋ ಮೊದಲು ಒಂದು ಪರೀಕ್ಷೆ ಮಾಡಿ.
ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದೂ ಮಿಣುಕಿದ್ರೆ ಡಿಸ್‌ಪ್ಲೇ ಡ್ರೈವರ್ ನೋಡಿಸಿ. ಅದು ನೆಟ್ಟಗಿದ್ದು ಬಿಲ್ಲಿನ ವಿಂಡೋ ಮಾತ್ರ ಮಿಣುಕಿದ್ರೆ, ರೋಗ ಸಾಫ್ಟ್‌ವೇರ್‌ದು ಕಣ್ರೀ.

▪️ ಭಾಗ 2/4
ರೋಗ ಎಲ್ಲಿಂದ ಬಂತು?
ವಿನ್‌ಫಾರ್ಮ್ಸ್ 2002ರದ್ದು, ಡಬ್ಲ್ಯುಪಿಎಫ್ 2006ರದ್ದು. ಎರಡೂ ಮೈಕ್ರೋಸಾಫ್ಟ್‌ನವೇ, ಆದ್ರೆ ಪರದೆ ಮೇಲೆ ಬರೆಯೋ ರೀತಿ ಬೇರೆ. ವಿನ್‌ಫಾರ್ಮ್ಸ್‌ನಲ್ಲಿ ಒಂದೊಂದು ಬಟನ್, ಒಂದೊಂದು ಪಟ್ಟಿಗೂ ತನ್ನದೇ ವಿಂಡೋ. ಡಬ್ಲ್ಯುಪಿಎಫ್ ಇಡೀ ವಿಂಡೋವನ್ನು ಡೈರೆಕ್ಟ್‌ಎಕ್ಸ್ ಮೂಲಕ ತಾನೇ ಬರೆಯುತ್ತೆ.
ಹಳೇ ಪಟ್ಟಿಯನ್ನು ಹೊಸದರೊಳಗೆ ತುರುಕಿದ್ರೆ ಒಂದೇ ಗೋಡೆಗೆ ಇಬ್ಬರು ಪೇಂಟರು ನಿಂತ ಹಾಗೆ. ಒಬ್ಬನ ಕೈ ಇನ್ನೊಬ್ಬನಿಗೆ ಗೊತ್ತಿಲ್ಲ. ಹಿನ್ನೆಲೆ ಅಳಿಸಿ ಅಕ್ಷರ ಬರೆಯೋಷ್ಟರಲ್ಲಿ ಕಣ್ಣಿಗೆ ಬಿಳಿ ಹೊಡೆಯುತ್ತೆ.
ಬೆರೆಸಿದ್ದೇ ತಪ್ಪು ಅನ್ನೋದು ನನ್ನ ವಾದ ಅಲ್ಲ. ವರ್ಷಗಟ್ಟಲೆ ಓಡಿದ ಕೋಡ್ ಯಾರೂ ಬಿಸಾಡಲ್ಲ. ಬೆರೆಸಿ ಕೈ ತೊಳ್ಕೊಂಡ್ರಲ್ಲ, ಅದು ತಪ್ಪು.

▪️ ಭಾಗ 3/4
ಕೋಡ್ ಬರೆಯೋ ತಮ್ಮ ತಂಗಿಯರೇ, ಇದು ನಿಮಗೆ.
1. ಡಬಲ್ ಬಫರಿಂಗ್ ಹಾಕಿ. ಚಿತ್ರ ಮೊದಲು ಮೆಮೊರಿಯಲ್ಲಿ ಪೂರ್ತಿ ಆಗಲಿ, ಆಮೇಲೆ ಪರದೆಗೆ ಬರಲಿ. ಡೇಟಾಗ್ರಿಡ್‌ವ್ಯೂನಲ್ಲಿ ಆ ಪ್ರಾಪರ್ಟಿ ಪ್ರೊಟೆಕ್ಟೆಡ್. ಸಬ್‌ಕ್ಲಾಸ್ ಮಾಡಿ ಆನ್ ಮಾಡಿ.
2. ಒಂದು ಅಂಕಿ ಬದಲಾದ್ರೆ ಇಡೀ ಪಟ್ಟಿ ರಿಫ್ರೆಶ್ ಯಾಕೆ? ಆ ಸೆಲ್ ಮಾತ್ರ ಬದಲಿಸಿ. ಲಿಸ್ಟ್‌ವ್ಯೂಗೆ ತುಂಬಾ ಸಾಲು ಸೇರಿಸೋವಾಗ ಮೊದಲು ಬಿಗಿನ್‌ಅಪ್‌ಡೇಟ್, ಕೊನೆಗೆ ಎಂಡ್‌ಅಪ್‌ಡೇಟ್.
3. ಹತ್ತು ಕಡೆ ಹತ್ತು ವಿಂಡೋಸ್‌ಫಾರ್ಮ್ಸ್‌ಹೋಸ್ಟ್ ಬೇಡ. ಹಳೇದನ್ನೆಲ್ಲ ಒಂದೇ ಪ್ಯಾನೆಲ್‌ನಲ್ಲಿಟ್ಟು ಒಂದೇ ಹೋಸ್ಟ್ ಕೊಡಿ.
4. ಹೋಸ್ಟ್ ಒಳಗಿನ ಪಟ್ಟಿ ಡಬ್ಲ್ಯುಪಿಎಫ್ ಚಿತ್ರದ ಮೇಲೇ ಕೂರುತ್ತೆ. ಏರ್‌ಸ್ಪೇಸ್ ಸಮಸ್ಯೆ ಅಂದ್ರೆ ಇದೇ. ಅದರ ಮೇಲೆ ಮೆಸೇಜ್ ತೋರಿಸಬೇಕಾ? ಪಾಪ್‌ಅಪ್ ಬಳಸಿ, ಅದಕ್ಕೆ ಸ್ವಂತ ವಿಂಡೋ ಇದೆ.
ಇದರಲ್ಲಿ ಯಾವುದಕ್ಕೆ ಹೊಸ ಕಂಪ್ಯೂಟರ್ ಬೇಕು, ನೀವೇ ಹೇಳಿ.

▪️ ಭಾಗ 4/4
"ಸ್ವಲ್ಪ ಮಿಣುಕಿದ್ರೆ ಏನಾಯ್ತು?" ಅಂತೀರಾ?
ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರ ದುಡ್ಡು ನಿಂತಿರೋದು ಲೀಟರ್ ಮೇಲೆ, ಫ್ಯಾಟ್ ಮೇಲೆ. 3.8 ಅನ್ನೋದನ್ನ 3.3 ಅಂತ ಓದಿ ಕಾರ್ಡಿಗೆ ಬರೆದ್ರೆ ನಷ್ಟ ಹಸು ಕಟ್ಟಿದವರಿಗೆ, ಬೈಗುಳ ಬರೆದವರಿಗೆ. ಸಾಫ್ಟ್‌ವೇರ್ ಮಾರಿದವರಿಗೆ ಏನೂ ಇಲ್ಲ.
ವರ್ಷ ವರ್ಷ ಎಎಂಸಿ ದುಡ್ಡು ಕಟ್ತಿದ್ದೀರಿ ತಾನೇ? ಮುಂದಿನ ಸಲ "ಸಿಸ್ಟಮ್ ಹಳೇದು" ಅಂದ್ರೆ, ನೆಟ್ಟಗಿರೋ ಟಾಸ್ಕ್ ಮ್ಯಾನೇಜರ್, ಮಿಣುಕೋ ಬಿಲ್ ಎರಡನ್ನೂ ಒಂದೇ ವಿಡಿಯೊದಲ್ಲಿ ಹಿಡಿದು ಕಳಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ಯಾವಾಗ ಸರಿ ಮಾಡ್ತೀರಾ?"

ಸೇವ್ ಮಾಡ್ಕೊಳ್ಳಿ. ನಿಮ್ಮೂರ ಡೇರಿ ಕಾರ್ಯದರ್ಶಿಗೂ ಕಳಿಸಿ.

#ಕೆಆರ್‌ಪೇಟೆ #ಕನ್ನಡದಲ್ಲಿ_ಟೆಕ್ #ಪರದೆ_ಮಿಣುಕು